ಫೈರ್‌ಪ್ಲೇಸ್ ಹೊಗೆ ಉಗುಳಿದರೆ: ಕೊಡಗಿನ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಕೊಡಗಿನಲ್ಲಿ ಫೈರ್‌ಪ್ಲೇಸ್ ಬೇಕೆನಿಸುವುದು ಡಿಸೆಂಬರ್ ಚಳಿಗಿಂತ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ. ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ, ಹಾಸಿಗೆ ಮುಟ್ಟಿದರೆ ತಣ್ಣಗೆ. ತೊಂದರೆ ಏನೆಂದರೆ ಸೌದೆ ಒದ್ದೆಯಾಗುವುದೂ ಆಗಲೇ, ಚಿಮ್ನಿ ನೆನೆಯುವುದೂ ಆಗಲೇ, ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚುವುದೂ ಆಗಲೇ. ಈ ಮೂರೂ ಕೂಡಿದಾಗ ಹೊಗೆ ಹಜಾರಕ್ಕೆ ನುಗ್ಗುತ್ತದೆ. ಕೂಡಲೇ ಮೇಸ್ತ್ರಿಯನ್ನು ಕರೆಸಿ ಚಿಮ್ನಿಯನ್ನು ಎರಡಡಿ ಎತ್ತರಿಸುವವರೇ ಹೆಚ್ಚು. ಹಣ ಹೋಗುತ್ತದೆ, ಹೊಗೆ ಹೋಗುವುದಿಲ್ಲ. ಎತ್ತರ ಕಡಿಮೆಯಾಗಿರುವುದೂ ಉಂಟು. ಆದರೆ ಅದನ್ನು ನೋಡಬೇಕಾದದ್ದು ಖರ್ಚಿಲ್ಲದ ನಾಲ್ಕಾರು ಪರೀಕ್ಷೆ ಮುಗಿದ ಮೇಲೆ.

ಚಿಮ್ನಿಗೆ ಎಳೆತ ಬರುವುದು ಎರಡರಿಂದ: ಅದರ ಎತ್ತರ, ಮತ್ತು ಒಳಗಿನ ಬಿಸಿ ಗಾಳಿಗೂ ಹೊರಗಿನ ತಣ್ಣನೆ ಗಾಳಿಗೂ ಇರುವ ಅಂತರ. ಹಿಮ ಬೀಳುವ ದೇಶಗಳಲ್ಲಿ ಹೊರಗೆ ಸೊನ್ನೆ ಡಿಗ್ರಿಗಿಂತ ಕೆಳಗಿರುವಾಗ ಬೆಂಕಿ ಹಚ್ಚುವ ಮೊದಲೇ ಚಿಮ್ನಿ ಅಷ್ಟಿಷ್ಟು ಎಳೆಯುತ್ತಿರುತ್ತದೆ. ಮಡಿಕೇರಿಯ ಜುಲೈನಲ್ಲಿ ಹೊರಗೂ ಒಳಗೂ ಹೆಚ್ಚು ವ್ಯತ್ಯಾಸವೇ ಇರುವುದಿಲ್ಲ. ಆದ್ದರಿಂದ ವಿದೇಶಿ ಫೋಟೋ ನೋಡಿ ಕಟ್ಟಿಸಿದ ದೊಡ್ಡ ಬಾಯಿಯ ಫೈರ್‌ಪ್ಲೇಸ್ ಇಲ್ಲಿ ಹೊಗೆ ಕಾರಿದರೆ ಆಶ್ಚರ್ಯವಿಲ್ಲ.

ತಕ್ಷಣ ಎದ್ದು ಹೊರಗೆ ಹೋಗಬೇಕಾದ ಲಕ್ಷಣ

ತಲೆನೋವು, ತಲೆಸುತ್ತು, ವಾಕರಿಕೆ, ಮೈ ಸೋತಂತಾಗುವುದು. ಕೋಣೆಯಲ್ಲಿ ಕೂತ ಇಬ್ಬರಿಗೆ ಒಟ್ಟಿಗೇ ಹೀಗಾಗುತ್ತಿದೆ, ಹೊರಗೆ ಬಂದರೆ ಕಡಿಮೆಯಾಗುತ್ತಿದೆ ಎಂದರೆ ಅದನ್ನು ಕಾರ್ಬನ್ ಮೊನಾಕ್ಸೈಡ್ ಎಂದೇ ತಿಳಿಯಬೇಕು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಇರಬಹುದು. ಜ್ವಾಲೆ ಆರಿ ಬರೀ ಕೆಂಡ ಉಳಿದ ಹೊತ್ತಿನಲ್ಲಿ ಅಪಾಯ ಹೆಚ್ಚು, ಏಕೆಂದರೆ ಕೆಂಡ ಈ ಅನಿಲವನ್ನು ಬಿಡುತ್ತಲೇ ಇರುತ್ತದೆ, ಚಿಮ್ನಿ ಮಾತ್ರ ತಣ್ಣಗಾಗುತ್ತಾ ಎಳೆತ ಕಳೆದುಕೊಳ್ಳುತ್ತದೆ. ಎಲ್ಲರನ್ನೂ ಹೊರಗೆ ಕರೆತನ್ನಿ, ಕಿಟಕಿ ಬಾಗಿಲು ತೆರೆಯಿರಿ, ಎಚ್ಚರ ತಪ್ಪಿದವರಿದ್ದರೆ 108ಕ್ಕೆ ಫೋನ್ ಮಾಡಿ. ಕಾರಣ ಸಿಗುವವರೆಗೆ ಮತ್ತೆ ಬೆಂಕಿ ಹಚ್ಚಬೇಡಿ.

ಬೆಂಕಿ ಉರಿಸುವ ಪ್ರತಿ ಕೋಣೆಗೂ ಮಲಗುವ ಕೋಣೆಗೂ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ. ಹೊಗೆ ಅಲಾರಂ ಈ ಕೆಲಸ ಮಾಡುವುದಿಲ್ಲ, ಎರಡೂ ಬೇರೆ ಬೇರೆ. ಇನ್ನು ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳುವ ಅಭ್ಯಾಸವಿದ್ದರೆ ಇಂದೇ ಬಿಡಿ. ಅದಕ್ಕೆ ಚಿಮ್ನಿಯೇ ಇಲ್ಲ.

ಹೊಗೆ ಯಾವಾಗ ಬರುತ್ತದೆ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಹಚ್ಚಿದ ಕೂಡಲೇ ಬಂದು ಹತ್ತು ಹದಿನೈದು ನಿಮಿಷದಲ್ಲಿ ನಿಂತರೆ ಚಿಮ್ನಿ ತಣ್ಣಗಿತ್ತು ಎಂದರ್ಥ. ಹಚ್ಚಿದಾಗಿನಿಂದ ಆರುವವರೆಗೂ ಒಂದೇ ಸಮನೆ ಬಂದರೆ ಸೌದೆ, ಕೋಣೆಯ ಗಾಳಿ, ಬಾಯಿಯ ಅಳತೆ ಅಥವಾ ಅಡಚಣೆ. ಚೆನ್ನಾಗಿ ಉರಿಯುತ್ತಿದ್ದಾಗ ಆಗೊಮ್ಮೆ ಈಗೊಮ್ಮೆ ಭುಸ್ ಎಂದು ಹೊರಬಿದ್ದರೆ ಗಾಳಿಯ ಹೊಡೆತ. ಕಳೆದ ವರ್ಷ ಸರಿಯಿದ್ದದ್ದು ಈ ವರ್ಷ ಕೆಟ್ಟಿದ್ದರೆ ಗೂಡೋ ಮಸಿಯೋ ಕಟ್ಟಿಕೊಂಡಿದೆ, ಇಲ್ಲವೇ ಮನೆಯಲ್ಲಿ ಏನೋ ಹೊಸತು ಬಂದಿದೆ. ಕಟ್ಟಿಸಿದ ಮೊದಲ ದಿನದಿಂದಲೂ ಹೀಗೇ ಇದ್ದರೆ ಅಳತೆಯ ತಪ್ಪು. ಫೈರ್‌ಪ್ಲೇಸ್ ಇಲ್ಲದ ಪಕ್ಕದ ಕೋಣೆಯಲ್ಲೋ ಅಟ್ಟದಲ್ಲೋ ಹೊಗೆ ಕಂಡರೆ ಬಿರುಕು. ಆಗ ಮುಂದಿನದನ್ನೆಲ್ಲ ಬಿಟ್ಟು ನೇರ ಬಿರುಕಿನ ಭಾಗಕ್ಕೆ ಹೋಗಿ.

ಊದುಬತ್ತಿ ಪರೀಕ್ಷೆ

ಬೆಂಕಿ ಹಚ್ಚುವ ಮೊದಲು ಡ್ಯಾಂಪರ್, ಅಂದರೆ ಚಿಮ್ನಿಯ ಗಂಟಲಲ್ಲಿರುವ ಬಾಗಿಲನ್ನು ಪೂರ್ತಿ ತೆರೆಯಿರಿ. ಹಳೆಯ ಬಂಗಲೆಗಳಲ್ಲಿ ಈ ತಗಡಿನ ಬಾಗಿಲು ತುಕ್ಕು ಹಿಡಿದು ಅರ್ಧಕ್ಕೇ ನಿಂತಿರುತ್ತದೆ. ಹಿಡಿ ತಿರುಗಿತು ಎಂದ ಮಾತ್ರಕ್ಕೆ ನಂಬಬೇಡಿ, ಟಾರ್ಚ್ ಬಿಟ್ಟು ಕಣ್ಣಾರೆ ನೋಡಿ. ನಂತರ ಒಂದು ಊದುಬತ್ತಿ ಹಚ್ಚಿ ಬಾಯಿಯ ಮೇಲಂಚಿನಿಂದ ಎರಡು ಇಂಚು ಕೆಳಗೆ ಹಿಡಿಯಿರಿ, ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ. ಹೊಗೆಯ ಎಳೆ ಒಳಕ್ಕೆ ಬಾಗಿ ಮೇಲೇರಿದರೆ ಸರಿ. ನೆಟ್ಟಗೆ ನಿಂತು ಬಾಯಿಯ ಅಂಚಿನಲ್ಲೇ ಸುಳಿದರೆ ಎಳೆತವಿಲ್ಲ. ನಿಮ್ಮ ಮುಖದ ಕಡೆಗೆ ಬಾಗಿದರೆ ಚಿಮ್ನಿಯಿಂದ ಗಾಳಿ ಕೆಳಗಿಳಿಯುತ್ತಿದೆ.

ಕೆಳಗಿಳಿಯುತ್ತಿದ್ದರೆ ಅಡುಗೆಮನೆಯ ಕರೆಂಟ್ ಚಿಮ್ನಿ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಎಲ್ಲ ಆರಿಸಿ ಮತ್ತೆ ನೋಡಿ. ಅಡುಗೆಮನೆಯ ಕರೆಂಟ್ ಚಿಮ್ನಿ ಗಂಟೆಗೆ 1000 ಘನ ಮೀಟರ್‌ನಷ್ಟು ಗಾಳಿಯನ್ನು ಹೊರದಬ್ಬಬಲ್ಲದು. ಅಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕು, ಅಲ್ಯೂಮಿನಿಯಂ ಕಿಟಕಿ ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಅದಕ್ಕಿರುವ ದಾರಿ ಫೈರ್‌ಪ್ಲೇಸ್ ಒಂದೇ. ಹಂಚಿನ ಮನೆಯಲ್ಲಿ ಈ ತೊಂದರೆ ಕಡಿಮೆ, ಹಂಚಿನ ಸಂದುಗಳೇ ಉಸಿರಾಡುತ್ತವೆ. ಸೀಲಿಂಗ್ ಹೊಡೆಸಿದ ಮೇಲೆ ಹೊಗೆ ಶುರುವಾಯಿತು ಎನ್ನುವವರ ಸಮಸ್ಯೆ ಇದೇ.

ಈಗ ಗಾಳಿ ಬೀಸುವ ಕಡೆಯ ಒಂದು ಕಿಟಕಿಯನ್ನು ಒಂದಿಂಚು ತೆರೆಯಿರಿ. ಮಳೆಗಾಲದಲ್ಲಿ ಅದು ಸಾಮಾನ್ಯವಾಗಿ ಪಡುವಣ ದಿಕ್ಕು. ಎರಚಲು ಬರುತ್ತದೆ ನಿಜ, ಆದರೆ ಮೂಡಣದ ಕಿಟಕಿ ತೆರೆದರೆ ಗಾಳಿ ಮನೆಯೊಳಗಿನಿಂದಲೇ ಹೊರಗೆ ಎಳೆದುಹೋಗಿ ಹೊಗೆ ಇನ್ನೂ ಹೆಚ್ಚಬಹುದು. ಕಿಟಕಿ ತೆರೆದೊಡನೆ ಊದುಬತ್ತಿಯ ಎಳೆ ಒಳಕ್ಕೆ ತಿರುಗಿದರೆ ನಿಮ್ಮ ದೋಷ ಸಿಕ್ಕಿತು. ಬೆಂಕಿಯ ಹತ್ತಿರದ ಹೊರಗೋಡೆಯಲ್ಲಿ ನಾಲ್ಕು ಇಂಚಿನ ಪೈಪಿನ ಕಿಂಡಿ ತೆಗೆಸಿ, ಹೊರಗಡೆ ಜಾಲರಿ ಹಾಕಿಸಿ, ಮಳೆ ಒಳಬಾರದಂತೆ ಬಾಯಿಯನ್ನು ಕೆಳಮುಖ ಮಾಡಿಸಿ. ಅಷ್ಟೇ.

ಹಳೆಯ ಬಂಗಲೆಗಳಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಫೈರ್‌ಪ್ಲೇಸ್ ಇದ್ದರೆ ಇನ್ನೊಂದು ಚೇಷ್ಟೆ ನಡೆಯುತ್ತದೆ. ಒಂದರಲ್ಲಿ ಉರಿಸಿದಾಗ ಅದು ಬೇಕಾದ ಗಾಳಿಯನ್ನು ಪಕ್ಕದ ಚಿಮ್ನಿಯಿಂದ ಎಳೆದುಕೊಂಡು, ತನ್ನದೇ ಹೊಗೆಯನ್ನು ಪಕ್ಕದ ಕೋಣೆಗೆ ಇಳಿಸುತ್ತದೆ. ಉರಿಸದ ಕಡೆಯ ಡ್ಯಾಂಪರ್ ಮುಚ್ಚಿಡಿ.

ಹಚ್ಚಿದ ಕೂಡಲೇ ಬರುವ ಹೊಗೆ

ವಾರಗಟ್ಟಲೆ ಉರಿಸದ ಚಿಮ್ನಿಯಲ್ಲಿ ತಣ್ಣನೆಯ ಒದ್ದೆ ಗಾಳಿ ಬಿರಡೆಯಂತೆ ಕೂತಿರುತ್ತದೆ. ಹೊರಗೋಡೆಗೆ ಅಂಟಿಸಿ ಕಟ್ಟಿದ ಚಿಮ್ನಿಗೆ ಇದು ಹೆಚ್ಚು. ಮೂರು ಬದಿಯಿಂದ ಮಳೆ ಬಡಿದು ಇಟ್ಟಿಗೆಯೇ ನೀರು ಕುಡಿದಿರುತ್ತದೆ. ಎರಡು ಹಾಳೆ ದಿನಪತ್ರಿಕೆಯನ್ನು ಸಡಿಲವಾಗಿ ಸುತ್ತಿ ಹಚ್ಚಿ, ಡ್ಯಾಂಪರ್ ಹತ್ತಿರ ಚಿಮ್ನಿಯ ಗಂಟಲಿನ ಕೆಳಗೆ ಹಿಡಿಯಿರಿ. ಜ್ವಾಲೆ ಮೇಲಕ್ಕೆ ಜಗ್ಗಿ ಗುಂಯ್ ಎಂಬ ಸದ್ದು ಬಂದಾಗ ಬಿರಡೆ ಕಳಚಿತು. ಕೈಯಲ್ಲಿರುವ ಕಾಗದವನ್ನು ತಟ್ಟೆಗೆ ಹಾಕಿ, ಬೆರಳಿನಷ್ಟು ದಪ್ಪದ ಚಕ್ಕೆಗಳಿಂದ ಬೆಂಕಿ ಶುರುಮಾಡಿ. ಕೊರಡು ಇಡುವುದು ಕಾಲು ಗಂಟೆ ಕಳೆದ ಮೇಲೆ. ಮಳೆಗಾಲವಿಡೀ ದಿನಕ್ಕೊಮ್ಮೆ ಸಣ್ಣ ಬೆಂಕಿ ಮಾಡುವ ಮನೆಗಳಲ್ಲಿ ಈ ತೊಂದರೆ ಬರುವುದೇ ಇಲ್ಲ.

ಸೀಮೆಎಣ್ಣೆ, ಪೆಟ್ರೋಲ್ ಬೇಡವೇ ಬೇಡ. ಒಣ ತೆಂಗಿನ ಚಿಪ್ಪಿನ ಎರಡು ಚೂರು ಸಾಕು.

ಸೌದೆ: ಒಣಗಿದೆ ಅಂದುಕೊಂಡದ್ದು ಒಣಗಿರುವುದಿಲ್ಲ

ಹೊಸದಾಗಿ ಕಡಿದ ಹತ್ತು ಕಿಲೋ ಸೌದೆಯಲ್ಲಿ ನಾಲ್ಕೈದು ಕಿಲೋ ನೀರೇ ಇರಬಹುದು. ಬೆಂಕಿಯ ಶಾಖ ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ, ಚಿಮ್ನಿ ಬಿಸಿಯಾಗುವುದಿಲ್ಲ, ಹೊಗೆ ಸೋಮಾರಿಯಾಗಿ ಒಳಗೇ ಸುಳಿಯುತ್ತದೆ. ಕೊರಡಿನ ತುದಿಯಲ್ಲಿ ನೊರೆ ಉಕ್ಕಿ ಚಿಸ್ ಎಂದರೆ ಬೇರೆ ಪರೀಕ್ಷೆ ಬೇಕಿಲ್ಲ.

ತೋಟದಲ್ಲಿ ಸೌದೆ ಸಿಗುವುದು ಮರಗಸಿಯ (ನೆರಳಿನ ಮರಗಳ ಕೊಂಬೆ ಸವರುವ) ಕಾಲಕ್ಕೆ ಮತ್ತು ಹಳೆಯ ಕಾಫಿ ಗಿಡ ಕಿತ್ತಾಗ. ಮಳೆಗೆ ಮುಂಚಿನ ಮರಗಸಿಯಲ್ಲಿ ಕಡಿದ ಕೊಂಬೆಯನ್ನು ಅದೇ ಜೂನ್‌ನಲ್ಲಿ ಉರಿಸುವುದು ದೊಡ್ಡ ತಪ್ಪು. ಅದು ಮುಂದಿನ ವರ್ಷದ ಸೌದೆ. ನವೆಂಬರ್‌ನಿಂದ ಫೆಬ್ರವರಿಯೊಳಗೆ ಕಡಿದು, ಒಂದೂವರೆ ಅಡಿ ಉದ್ದಕ್ಕೆ ತುಂಡರಿಸಿ, ನಾಲ್ಕು ಇಂಚಿಗಿಂತ ದಪ್ಪದ್ದನ್ನು ಸೀಳಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಪೇರಿಸಿದರೆ ತೆಳ್ಳಗಿನದು ಮೇ ಹೊತ್ತಿಗೆ ಸಿದ್ಧ. ಸೀಳದ ದುಂಡು ಕೊರಡು ತೊಗಟೆಯೊಳಗೆ ವರ್ಷಗಟ್ಟಲೆ ಹಸಿಯಾಗಿಯೇ ಇರುತ್ತದೆ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಮೇ ತಿಂಗಳಲ್ಲಿ ಒಣಗಿದ್ದ ಸೌದೆ ಜುಲೈನಲ್ಲೂ ಹಾಗೇ ಇರುವುದಿಲ್ಲ. ಗಾಳಿಯ ತೇವಾಂಶ ದಿನಗಟ್ಟಲೆ ಶೇ 90ರ ಮೇಲಿದ್ದರೆ ಮಳೆ ತಾಗದ ಕೊಟ್ಟಿಗೆಯಲ್ಲಿದ್ದ ಸೌದೆಯೂ ಗಾಳಿಯಿಂದಲೇ ನೀರು ಹೀರಿ ಶೇ 20 ದಾಟುತ್ತದೆ. ಉರಿಸಲು ಬೇಕಾದದ್ದು ಶೇ 20ಕ್ಕಿಂತ ಕಡಿಮೆ. ಹಿಂದಿನವರು ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಸೌದೆ ಇಡುತ್ತಿದ್ದುದಕ್ಕೆ ಅರ್ಥವಿದೆ. ಒಂದು ವಾರಕ್ಕೆ ಬೇಕಾಗುವಷ್ಟನ್ನು ಮನೆಯ ಬೆಚ್ಚಗಿನ ಜಾಗಕ್ಕೆ ತಂದಿಡಿ, ಬೆಂಕಿಯಿಂದ ಕನಿಷ್ಠ ಮೂರಡಿ ದೂರದಲ್ಲಿ.

ಎರಡು ಮೊಳೆಗಳಿರುವ ಮರದ ತೇವಾಂಶ ಮೀಟರ್ ಇದ್ದರೆ ಕೊರಡಿನ ಹೊರಮೈಗೆ ಚುಚ್ಚಬೇಡಿ, ಅದು ಸುಳ್ಳು ಹೇಳುತ್ತದೆ. ಕೊರಡನ್ನು ಆಗಷ್ಟೇ ಸೀಳಿ ಒಳಮೈಗೆ ಚುಚ್ಚಿ. ಕಾಫಿ ಬೀಜಕ್ಕೆ ಬಳಸುವ ಮೀಟರ್ ಇದಕ್ಕಾಗದು. ಮೀಟರ್ ಇಲ್ಲದಿದ್ದರೆ ಎರಡು ತುಂಡನ್ನು ಒಂದಕ್ಕೊಂದು ಬಡಿಯಿರಿ. ಠಣ್ ಎಂದರೆ ಒಣಗಿದೆ, ದಬ್ ಎಂದರೆ ಇಲ್ಲ.

ಜಾತಿಯ ಮಾತು ಹೇಳುವುದಾದರೆ, ಕಾಫಿ ಗಿಡದ ಕಾಂಡಕ್ಕೆ ಸಾಟಿಯಿಲ್ಲ. ಗಟ್ಟಿ, ಹೊಗೆ ಕಡಿಮೆ, ಕೆಂಡ ನಿಲ್ಲುತ್ತದೆ. ಸಿಲ್ವರ್ ಓಕ್ ಬೇಗ ಹತ್ತಿ ಬೇಗ ಮುಗಿಯುತ್ತದೆ, ಶುರುಮಾಡಲು ಚೆನ್ನ. ಹಾಲುವಾಣ ಹಗುರ, ನೀರು ತುಂಬಿದ ಮರ, ಫೈರ್‌ಪ್ಲೇಸಿಗೆ ತರುವುದೇ ದಂಡ. ಹೊಲಗೇರು ಮರ ಮನೆಯೊಳಗೆ ಬೇಡ. ಅದರ ಸೊನೆ ತಾಗಿದರೆ ಮೈಯಲ್ಲಿ ಬೊಬ್ಬೆ ಏಳುತ್ತದೆ, ಹೊಗೆಯೂ ಒಳ್ಳೆಯದಲ್ಲ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಗೆದ್ದಲು ಹಿಡಿಯದಂತೆ ಔಷಧಿ ಕುಡಿಸಿದ ಬೇಲಿಕಂಬ ಇವು ಯಾವುದೂ ಉರಿಸುವ ವಸ್ತುವಲ್ಲ.

ಮೊದಲ ದಿನದಿಂದಲೂ ಹೊಗೆ: ಬಾಯಿ ಮತ್ತು ಚಿಮ್ನಿಯ ಲೆಕ್ಕ

ಟೇಪ್ ತನ್ನಿ. ಬಾಯಿಯ ಅಗಲವನ್ನು ಎತ್ತರದಿಂದ ಗುಣಿಸಿ. ಚಿಮ್ನಿಯ ಒಳ ಅಳತೆಯನ್ನೂ ಹಾಗೆಯೇ ಗುಣಿಸಿ. ಚಿಮ್ನಿಯ ವಿಸ್ತೀರ್ಣ ಬಾಯಿಯ ಹತ್ತನೇ ಒಂದು ಭಾಗವಾದರೂ ಇರಬೇಕು. ಚಿಮ್ನಿಯ ಒಟ್ಟು ಎತ್ತರ 15 ಅಡಿಗಿಂತ ಕಡಿಮೆಯಿದ್ದರೆ ಎಂಟನೇ ಒಂದು ಭಾಗ.

ಒಂದು ಲೆಕ್ಕ ನೋಡಿ. ಬಾಯಿ 32 ಇಂಚು ಅಗಲ, 28 ಇಂಚು ಎತ್ತರ: 896 ಚದರ ಇಂಚು. ಮೇಸ್ತ್ರಿ ಹೇಳುವುದು ಒಂಬತ್ತಿಂಚಿನ ಚಿಮ್ನಿ ಎಂದು. ಆದರೆ ಒಳಗೆ ಸುತ್ತಲೂ ಅರ್ಧ ಇಂಚು ಗಾರೆ ಮೆತ್ತಿದ ಮೇಲೆ ಉಳಿಯುವುದು 8 ಕ್ಕೆ 8, ಅಂದರೆ 64. ಬಾಯಿ ಚಿಮ್ನಿಯ ಹದಿನಾಲ್ಕು ಪಟ್ಟು. ಇದು ಎಂದೂ ಸರಿಯಾಗಿ ಎಳೆಯದು, ಎಷ್ಟೇ ಒಣ ಸೌದೆ ಹಾಕಿ.

ಚಿಮ್ನಿ ಒಡೆಯಬೇಕಿಲ್ಲ, ಬಾಯಿ ಚಿಕ್ಕದು ಮಾಡಿದರಾಯಿತು. ಎಷ್ಟು ಎಂದು ಮೊದಲು ಪರೀಕ್ಷಿಸಿ. ಸಾಧಾರಣ ಬೆಂಕಿ ಉರಿಯುತ್ತಿರುವಾಗ ಬಾಯಿಗಿಂತ ಅಗಲವಾದ ಒಂದು ತಗಡನ್ನು, ಚರ್ಮದ ಕೈಗವಸು ಹಾಕಿಕೊಂಡು, ಮೇಲಂಚಿಗೆ ಅಡ್ಡವಾಗಿ ಒತ್ತಿ ಹಿಡಿಯಿರಿ. ಒಂದೊಂದೇ ಇಂಚು ಕೆಳಗಿಳಿಸುತ್ತಾ ಬನ್ನಿ. ತಗಡಿನ ಕೆಳಗಿನಿಂದ ಹೊರಗೆ ನುಸುಳುತ್ತಿದ್ದ ಹೊಗೆ ಒಂದು ಹಂತದಲ್ಲಿ ಹಿಂದಕ್ಕೆ ಹೊರಳಿ ಒಳಗೆ ಹೋಗುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ನಾಲ್ಕೈದು ಇಂಚಿನೊಳಗೆ ನಿಂತರೆ ಅಷ್ಟೇ ಅಗಲದ ಉಕ್ಕಿನ ಅಥವಾ ತಾಮ್ರದ ಪಟ್ಟಿಯನ್ನು ಕಾಯಂ ಕೂರಿಸಿ. ಅದಕ್ಕೂ ಜಗ್ಗದಿದ್ದರೆ ಎರಡೂ ಬದಿಗೆ ಮೂರಿಂಚು ದಪ್ಪಕ್ಕೆ ಬೆಂಕಿ ಇಟ್ಟಿಗೆ ಜೋಡಿಸಿ. ಮೇಲಿನ ಲೆಕ್ಕದಲ್ಲಿ ಬದಿಗೆ ಮೂರು ಮೂರು ಇಂಚು, ಮೇಲೆ ನಾಲ್ಕು ಇಂಚು ಕಡಿಮೆ ಮಾಡಿದರೆ 26 ಕ್ಕೆ 24, ಅಂದರೆ 624. ಹತ್ತು ಪಟ್ಟಿನೊಳಗೆ ಬಂತು.

ಇದಕ್ಕೂ ಮೊದಲು ಪುಕ್ಕಟೆಯ ಎರಡು ಪ್ರಯೋಗ: ಬೆಂಕಿಯ ಜಾಲರಿಯನ್ನು ಹಿಂಗೋಡೆಯ ಕಡೆಗೆ ಎರಡಿಂಚು ಸರಿಸಿ, ಮತ್ತು ಅದರ ಕೆಳಗೆ ಇಟ್ಟಿಗೆ ಇಟ್ಟು ಮೂರಿಂಚು ಎತ್ತರಿಸಿ. ಎಷ್ಟೋ ಕಡೆ ಇಷ್ಟರಲ್ಲೇ ಮುಗಿಯುತ್ತದೆ.

ಗಾಳಿ ಹೊಡೆತ ಮತ್ತು ಎತ್ತರ

ಚಿಮ್ನಿ ಮಾಡಿನಿಂದ ಹೊರಬರುವ ಜಾಗಕ್ಕಿಂತ ಮೂರಡಿ ಮೇಲಿರಬೇಕು, ಸುತ್ತ ಹತ್ತಡಿ ದೂರದೊಳಗಿನ ಯಾವುದೇ ಭಾಗಕ್ಕಿಂತ ಎರಡಡಿ ಮೇಲಿರಬೇಕು. ಇದರಲ್ಲಿ ಮಾಡಿನ ನೆತ್ತಿಯೂ ಸೇರಿತು, ನೀರಿನ ಟ್ಯಾಂಕೂ ಸೇರಿತು. ನಮ್ಮಲ್ಲಿ ಮನೆ ಇಳಿಜಾರಿನಲ್ಲಿ, ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ), ಪಕ್ಕದಲ್ಲಿ ಅರುವತ್ತಡಿ ಸಿಲ್ವರ್ ಓಕ್. ಗಾಳಿ ಬರೆಯಿಂದ ಜಾರಿ ಚಿಮ್ನಿಯೊಳಕ್ಕೇ ಬೀಳುತ್ತದೆ. ಇಂಥಲ್ಲಿ ಎತ್ತರಕ್ಕಿಂತ ಗಾಳಿ ತಡೆಯುವ ಟೋಪಿ ಹೆಚ್ಚು ಕೆಲಸ ಮಾಡುತ್ತದೆ. ಟೋಪಿ ಮತ್ತು ಚಿಮ್ನಿಯ ಬಾಯಿಯ ನಡುವೆ ಕನಿಷ್ಠ ಚಿಮ್ನಿಯ ಅಗಲದಷ್ಟು ಸಂದು ಬಿಡಿ. ಮಳೆಗೆ ಹೆದರಿ ಕಲ್ಲುಚಪ್ಪಡಿಯನ್ನು ಮೂರಿಂಚು ಮೇಲೆ ಮುಚ್ಚಿಬಿಟ್ಟರೆ ಅದೇ ಅಡಚಣೆ.

ಮಸಿ, ಜೇನು, ಬೆಂಕಿ ಹತ್ತಿದ ಚಿಮ್ನಿ

ಟಾರ್ಚ್ ಬಿಟ್ಟು ಚಿಮ್ನಿಯ ಗೋಡೆಯನ್ನು ಚಮಚದ ಹಿಡಿಯಿಂದ ಕೆರೆಯಿರಿ. ಇಲ್ಲಣದಂತೆ ಪುಡಿಯಾಗಿ ಉದುರಿದರೆ ಬ್ರಶ್ ಸಾಕು. ಹೊಳೆಯುವ ಚಕ್ಕೆಗಳಾಗಿ ಎದ್ದರೆ ಉಕ್ಕಿನ ಬ್ರಶ್ ಬೇಕು. ಕರಗಿದ ಡಾಂಬರಿನಂತೆ ನುಣ್ಣಗೆ ಅಂಟಿ ಕೆರೆದರೂ ಬಾರದಿದ್ದರೆ ಬೆಂಕಿ ಹಚ್ಚುವುದನ್ನು ನಿಲ್ಲಿಸಿ, ತಿಳಿದವರಿಂದ ತೆಗೆಸಿ. ಹಸಿ ಬೊಡ್ಡೆಯನ್ನು ರಾತ್ರಿಯಿಡೀ ಕನಲಲು ಬಿಡುವ ಮನೆಗಳಲ್ಲಿ ಸಿಗುವುದು ಈ ಮೂರನೆಯದೇ. ಮಸಿ ಮೂರು ಮಿಲಿಮೀಟರ್ ದಪ್ಪವಾದರೆ ಶುಚಿ ಮಾಡುವ ಹೊತ್ತಾಯಿತು, ಆಗದಿದ್ದರೂ ವರ್ಷಕ್ಕೊಮ್ಮೆ ಮಾಡಲೇಬೇಕು. ಜನವರಿಯಿಂದ ಏಪ್ರಿಲ್ ಒಳಗೆ, ಮಾಡು ಪಾಚಿ ಹಿಡಿದು ಜಾರದ ಕಾಲದಲ್ಲಿ. ಚಿಮ್ನಿಯ ಅಳತೆಯ ಬ್ರಶ್‌ಗೆ ಎರಡೂ ಕಡೆ ಹಗ್ಗ ಕಟ್ಟಿ, ಮೇಲೊಬ್ಬರು ಕೆಳಗೊಬ್ಬರು ಎಳೆದರಾಯಿತು. ಮೇಲಿನವರ ಸೊಂಟಕ್ಕೆ ಹಗ್ಗ, ಕೆಳಗಿನವರ ಮೂಗಿಗೆ ಮಾಸ್ಕ್, ಫೈರ್‌ಪ್ಲೇಸಿನ ಬಾಯಿಗೆ ಒದ್ದೆ ಗೋಣಿ. ಟೋಪಿಯ ಜಾಲರಿಯನ್ನು ಮರೆಯಬೇಡಿ. ಅರ್ಧ ಇಂಚಿನ ಕಣ್ಣು ಡಾಂಬರು ಕಟ್ಟಿ ಮುಚ್ಚಿರುತ್ತದೆ.

ಗುಂಯ್‌ಗುಡುವ ಸದ್ದು ಕೇಳಿದರೆ ತುಡುವೆ ಜೇನು ಗೂಡು ಕಟ್ಟಿರಬಹುದು. ಕತ್ತಲೆಯ ಪೊಟರೆ ಅದಕ್ಕಿಷ್ಟ. ಹೊಗೆ ಹಾಕಿ ಓಡಿಸೋಣ ಎಂದು ಕೆಳಗಿನಿಂದ ಬೆಂಕಿ ಹಚ್ಚಿದರೆ ಮೇಣ ಕರಗಿ ಸುರಿದು ಹೊತ್ತಿಕೊಳ್ಳುತ್ತದೆ. ಜೇನು ಸಾಕುವವರು ಕೊಡಗಿನಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ, ಅವರನ್ನು ಕರೆದರೆ ಪೆಟ್ಟಿಗೆಗೆ ಇಳಿಸಿಕೊಂಡು ಹೋಗುತ್ತಾರೆ.

ಚಿಮ್ನಿಯೊಳಗಿನ ಮಸಿಗೆ ಬೆಂಕಿ ಹತ್ತಿದರೆ ಲಾರಿ ಏರು ಹತ್ತುವಂಥ ಮೊರೆತ ಕೇಳುತ್ತದೆ, ಹೊರಗೆ ಚಿಮ್ನಿಯ ತುದಿಯಿಂದ ಕಿಡಿ ಹಾರುತ್ತದೆ. ಎಲ್ಲರನ್ನೂ ಹೊರಗೆ ಕಳಿಸಿ 101 ಅಥವಾ 112ಕ್ಕೆ ಫೋನ್ ಮಾಡಿ. ಕೆಳಗಿನ ಬೆಂಕಿಯ ಮೇಲೆ ಒಣ ಮರಳು ಸುರಿಯಿರಿ. ಹತ್ತಿರ ನಿಲ್ಲಬಹುದಾದಷ್ಟು ಸುರಕ್ಷಿತವಿದ್ದರೆ ಮಾತ್ರ ಬಾಯಿಗೆ ತಗಡು ಮುಚ್ಚಿ ಗಾಳಿ ತಡೆಯಿರಿ. ಮೇಲಿನಿಂದ ನೀರು ಹೊಯ್ಯಬೇಡಿ. ಕಾದ ಇಟ್ಟಿಗೆ ಸಿಡಿಯುತ್ತದೆ, ಆವಿ ಕೆಳಗಿನವರನ್ನು ಸುಡುತ್ತದೆ. ತೋಟದ ಮನೆಗೆ ಅಗ್ನಿಶಾಮಕ ವಾಹನ ತಲುಪಲು ಹೊತ್ತಾಗುತ್ತದೆ, ಆದ್ದರಿಂದ ಒಂದು ಬಕೆಟ್ ಒಣ ಮರಳು ಮತ್ತು ಎಬಿಸಿ ಪುಡಿಯ ಅಗ್ನಿಶಾಮಕ ಸಿಲಿಂಡರ್ ಬೆಂಕಿಯ ಪಕ್ಕದಲ್ಲಲ್ಲ, ಬಾಗಿಲ ಬಳಿ ಇರಲಿ. ಬೆಂಕಿ ತಾನಾಗಿ ಆರಿದರೂ ಒಳಗಿನ ಗಾರೆ ಬಿರಿದಿರುತ್ತದೆ. ಪರೀಕ್ಷಿಸದೆ ಮತ್ತೆ ಹಚ್ಚುವಂತಿಲ್ಲ.

ಬಿರುಕು

ಅಟ್ಟಕ್ಕೆ ಹತ್ತಿ ಚಿಮ್ನಿಯ ಸುತ್ತ ನೋಡಿ. ಇಟ್ಟಿಗೆಯ ಮೇಲೆ ಕಂದು ಬಣ್ಣದ ಗೆರೆ, ಪಕ್ಕದ ಪಕಾಸು ರೀಪು (ಹಂಚು ಹೊರುವ ಮರದ ಪಟ್ಟಿಗಳು) ಕಪ್ಪಾಗಿರುವುದು, ಸುಟ್ಟ ವಾಸನೆ: ಇವುಗಳಲ್ಲಿ ಯಾವುದಿದ್ದರೂ ಬೆಂಕಿ ಹಚ್ಚಬೇಡಿ. ಮರಕ್ಕೂ ಚಿಮ್ನಿಯ ಹೊರಮೈಗೂ ಎರಡಿಂಚು ಖಾಲಿ ಜಾಗ ಇರಲೇಬೇಕು. ಪಕಾಸನ್ನು ಚಿಮ್ನಿಯ ಗೋಡೆಗೇ ಸಿಕ್ಕಿಸಿದ ಮನೆಗಳಿವೆ. ವರ್ಷಾನುಗಟ್ಟಲೆ ಬಿಸಿ ತಿಂದ ಮರ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ. 2018ರ ಆಗಸ್ಟ್‌ನ ಭೂಕುಸಿತ ಕಂಡ ಇಳಿಜಾರುಗಳಲ್ಲಿರುವ ಮನೆಯವರು ಚಿಮ್ನಿ ಗೋಡೆಗೆ ಸೇರುವ ಸಂದನ್ನು ಪ್ರತಿ ಮಳೆಗಾಲ ಮುಗಿದ ಮೇಲೆ ನೋಡುವುದು ಒಳ್ಳೆಯದು.

ಫೈರ್‌ಪ್ಲೇಸ್ ಒಳಗಿನ ಬಿರುಕಿಗೆ ಬರೀ ಸಿಮೆಂಟ್ ಮೆತ್ತಿದರೆ ಎರಡು ಬೆಂಕಿಗೆ ಉದುರುತ್ತದೆ. ಶಾಖ ತಡೆಯುವ ಬೆಂಕಿಮಣ್ಣಿನ ಗಾರೆ ಬೇಕು. ಅಂದಕ್ಕೆಂದು ಹೊಳೆಯ ಗುಂಡುಕಲ್ಲನ್ನು ಬೆಂಕಿ ತಾಗುವಲ್ಲಿ ಕೂರಿಸಬೇಡಿ, ಒಳಗೆ ನೀರು ಕುಡಿದ ಕಲ್ಲು ಸಿಡಿಯುತ್ತದೆ. ಮುಂದಿನ ಕಲ್ಲುಹಾಸು ಬಾಯಿಯಿಂದ ಕನಿಷ್ಠ 16 ಇಂಚು ಹೊರಗೆ, ಎರಡೂ ಬದಿಗೆ 8 ಇಂಚು ಚಾಚಿರಲಿ. ಬಾಯಿ ಆರು ಚದರ ಅಡಿಗಿಂತ ದೊಡ್ಡದಾದರೆ 20 ಮತ್ತು 12. ಹಲಗೆ ನೆಲದ ಬಂಗಲೆಯಲ್ಲಿ ಇದರಲ್ಲಿ ರಾಜಿ ಬೇಡ.

ನೀರು, ವಾಸನೆ, ಬೂದಿ

ಬೆಂಕಿ ಇಲ್ಲದಾಗ ಕಂದು ನೀರು ಹನಿದು ಹುಳಿ ಹೊಗೆಯ ವಾಸನೆ ಬಂದರೆ ಮಳೆ ಚಿಮ್ನಿಯ ಒಳಗಿನಿಂದಲೇ ಇಳಿಯುತ್ತಿದೆ: ಟೋಪಿ ನೋಡಿ, ಮಸಿ ತೆಗೆಸಿ. ಬಣ್ಣವಿಲ್ಲದ ನೀರು ಸೀಲಿಂಗ್ ಹತ್ತಿರ ಗೋಡೆ ತೋಯಿಸಿದರೆ ಚಿಮ್ನಿ ಮಾಡಿಗೆ ಸೇರುವ ಕಡೆ ಸೋರುತ್ತಿದೆ. ಅಲ್ಲಿ ಸಿಮೆಂಟ್ ಮೆತ್ತಿಸಿದರೆ ಮುಂದಿನ ಮಳೆಗೆ ಮತ್ತೆ ಬಿರಿಯುತ್ತದೆ. ಇಟ್ಟಿಗೆಯ ಸಂದಿಗೆ ಒಂದಿಂಚು ಒಳಸೇರಿಸಿ ತಗಡು ಮಡಿಸಿ ಕೂರಿಸಬೇಕು.

ಬೂದಿ ಒಂದಿಂಚು ಉಳಿಸಿ ಮಿಕ್ಕದ್ದು ತೆಗೆಯಿರಿ. ಮೇಲೆ ತಣ್ಣಗಿದ್ದರೂ ಅಡಿಯಲ್ಲಿ ಕೆಂಡ ಎರಡು ಮೂರು ದಿನ ಜೀವಂತ ಇರಬಲ್ಲದು. ಹಾಗಾಗಿ ಪ್ಲಾಸ್ಟಿಕ್ ಬಕೆಟ್, ರಟ್ಟಿನ ಪೆಟ್ಟಿಗೆ, ಗೋಣಿಚೀಲ ಇವು ಯಾವುದೂ ಆಗದು. ಮುಚ್ಚಳವಿರುವ ತಗಡಿನ ಡಬ್ಬಕ್ಕೆ ತುಂಬಿ ಅಂಗಳದ ಕಲ್ಲಿನ ಮೇಲಿಡಿ, ಸೌದೆ ಕೊಟ್ಟಿಗೆಯಲ್ಲಿ ಅಲ್ಲ. ನಾಲ್ಕು ದಿನ ಕಳೆದ ಮೇಲೆ ಹಿತ್ತಲಿನ ಗಿಡಗಳ ಬುಡಕ್ಕೆ ತೆಳ್ಳಗೆ ಎರಚಬಹುದು. ಡ್ಯಾಂಪರ್ ಮುಚ್ಚುವುದು ಈ ಬೂದಿಯಲ್ಲಿ ಕೆಂಡದ ಒಂದು ಚುಕ್ಕಿಯೂ ಇಲ್ಲವೆಂದು ಸಲಿಕೆಯಿಂದ ಕೆದಕಿ ನೋಡಿದ ಮೇಲೆಯೇ.